ಒಲೆಗೋ, ಜಂತಿಗೋ

2023ರ ಮೇ ತಿಂಗಳ ಒಂದು ಸಂಜೆ, ಮಳೆಗಿಂತ ಮೊದಲೇ ಬಂದ ಗಾಳಿಗೆ ನಮ್ಮ ಹೊಲದ ಬದುವಿನ ಬೇವಿನ ಮರ ಬೇರುಸಹಿತ ಮಲಗಿತು. ಅಜ್ಜನ ಕಾಲದ ಮರ ಅದು. ಬುಡದ ಸುತ್ತಳತೆ ಐದು ಅಡಿಗೆ ಚೂರು ಕಡಿಮೆ. ಕವಲೊಡೆಯುವವರೆಗೆ ಹದಿನಾಲ್ಕು ಅಡಿ ನೇರವಾದ ಬೊಡ್ಡೆ. ಕೊಪ್ಪಳ ತಾಲ್ಲೂಕಿನ ನಮ್ಮ ಸೀಮೆಯಲ್ಲಿ ಬೇವು ಸಾಮಾನ್ಯವಾಗಿ ಆಳೆತ್ತರಕ್ಕೇ ಕವಲಾಗಿ ಕೊಡೆಯಂತೆ ಹರಡಿಕೊಳ್ಳುವುದರಿಂದ ಇಂಥ ಬೊಡ್ಡೆ ಸಿಗುವುದು ಅಪರೂಪ. ಬಿದ್ದ ಮರಕ್ಕೆ ಯಾರ ಅಪ್ಪಣೆ ಬೇಕೆಂದು ಊರಿನವರು ನಕ್ಕರೂ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಅಳುಕಿನಿಂದ ಅರಣ್ಯ ಇಲಾಖೆಗೆ ಅರ್ಜಿ ಬರೆದುಕೊಟ್ಟು, ಕಾಗದ ಕೈಗೆ ಬಂದ ಮೇಲೆಯೇ ಚೈನ್ ಸಾ ಇಟ್ಟುಕೊಂಡಿದ್ದ ಒಬ್ಬನನ್ನು ದಿನಗೂಲಿಗೆ ಕರೆದೆ.

ಟೊಂಗೆಗಳನ್ನು ಕಟ್ಟಿಗೆ ಮಾಡಬೇಕು, ಬೊಡ್ಡೆಯನ್ನು ಹಾಗೆಯೇ ಬಿಡಬೇಕು ಎಂಬುದು ನನ್ನ ಮನಸ್ಸಿನಲ್ಲಿತ್ತು, ಬಾಯಿಗೆ ಬಂದಿರಲಿಲ್ಲ. ಅವನಿಗೆ ಚಹಾ ತರಲು ಬೈಕಿನ ಮೇಲೆ ಊರಿಗೆ ಹೋಗಿ ಬರುವಷ್ಟರಲ್ಲಿ ಬುಡದ ಕಡೆಯ ಎಂಟು ಅಡಿ, ಒಂದೂವರೆ ಅಡಿಗೆ ಚೂರು ಹೆಚ್ಚಿನ ಐದು ತುಂಡುಗಳಾಗಿ ಸಾಲಾಗಿ ಬಿದ್ದಿತ್ತು. ಚಹಾ ಇನ್ನೂ ಬಿಸಿಯಾಗಿತ್ತು. ಕೊಡಲಿಯವನಾಗಿದ್ದರೆ ಅಷ್ಟರಲ್ಲಿ ಮೊದಲ ತುಂಡಿನ ಕಚ್ಚು ಕೂಡ ಮುಗಿಯುತ್ತಿರಲಿಲ್ಲ. ನನ್ನ ಮುಖ ನೋಡಿ ಅವನಿಗೆ ಗಲಿಬಿಲಿಯಾಯಿತು. “ಕೊಯ್ಯಾಕ ಅಂತ ಕರದ್ರಿ, ಕೊಯ್ದೀನ್ರಿ ಸರ. ಒಲಿಗಿ ಹಿಡಿಯೋ ಅಳತಿನ ಐತಿ ನೋಡ್ರಿ” ಎಂದ. ಅವನದೇನೂ ತಪ್ಪಿರಲಿಲ್ಲ, ಅಳತೆಯೂ ಸರಿಯಾಗಿಯೇ ಇತ್ತು.

ಮರುದಿನ ಬಡಿಗೇರ ಕಾಕಾ ಬಂದರು. ನಮ್ಮೂರಿನ ಬಾಗಿಲು, ಕಿಟಕಿ, ಕುಂಟೆ, ಕೂರಿಗೆಗಳಲ್ಲಿ ಅವರ ಕೈ ತಾಗದವು ಕಡಿಮೆ. ಎಪ್ಪತ್ತು ದಾಟಿದ ಮೇಲೂ ಬಾಚಿಯನ್ನು ಹೆಗಲ ಮೇಲಿಟ್ಟುಕೊಂಡೇ ತಿರುಗುವವರು. ಅವರು ಒಂದು ತುಂಡನ್ನು ಕಾಲಿನಿಂದ ಹೊರಳಿಸಿ, ಕೊಯ್ದ ಮುಖವನ್ನು ಅಂಗೈಯಿಂದ ಒರೆಸಿ, ಇದ್ದಲಿಯ ಚೂರಿನಿಂದ ಅದರ ಮೇಲೆ ಒಂದು ಚೌಕ ಬರೆದರು. ಚೌಕದೊಳಗೆ ಅಡ್ಡ ಎರಡು, ಉದ್ದ ಎರಡು ಗೆರೆ ಎಳೆದರು. “ಒಂಬತ್ತು ಜಂತಿ ಇದ್ವು ತಮ್ಮಾ ಇದರಾಗ. ಈಗ ಒಂಬತ್ತು ದಿನದ ಬಚ್ಚಲ ನೀರಾತು” ಎಂದು ಹೇಳಿ, ಇದ್ದಲಿಯನ್ನು ಒಗೆದು, ಉಳಿದ ಆರು ಅಡಿಯ ದಿಮ್ಮಿಯ ಮೇಲೆ ಕುಳಿತರು. ಅದರ ಮೇಲೆ ಕುಳಿತದ್ದು, ಇದನ್ನಾದರೂ ಯಾರೂ ಮುಟ್ಟದಿರಲಿ ಎಂಬಂತಿತ್ತು.

ಕಾಕಾ ಜಂತಿಯ ಲೆಕ್ಕದಲ್ಲಿ ಮಾತಾಡಿದ್ದಕ್ಕೆ ಕಾರಣವಿತ್ತು. ಹೊಲದಲ್ಲಿ ಒಂದು ಸಣ್ಣ ಮನೆ ಕಟ್ಟಬೇಕೆಂದು ಆ ಹೊತ್ತಿಗಾಗಲೇ ನಿಶ್ಚಯಿಸಿದ್ದೆ. ಹತ್ತು ಅಡಿ ಅಗಲ, ಹದಿನೈದು ಅಡಿ ಉದ್ದದ ಒಂದೇ ಕೋಣೆ. ಕಲ್ಲಿನ ಗೋಡೆ, ನಡುವೆ ಉದ್ದಕ್ಕೆ ಒಂದು ತೊಲೆ, ತೊಲೆಯಿಂದ ಎರಡೂ ಕಡೆಯ ಗೋಡೆಗೆ ಆರಾರು ಅಡಿಯ ಜಂತಿಗಳು, ಮೇಲೆ ಮಣ್ಣಿನ ಮೇಲ್ಮುದ್ದೆ. ತೊಲೆ ನಮ್ಮಲ್ಲೇ ಇತ್ತು. ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಆರಂಭವಾಗಿ 1953ರಲ್ಲಿ ಮುಗಿಯಿತು. ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಗಳಲ್ಲಿ ನಮ್ಮ ಅಜ್ಜನ ಊರೂ ಒಂದು. ಹೊರಡುವಾಗ ಅವರು ಗೋಡೆಗಳನ್ನಷ್ಟೇ ನೀರಿಗೆ ಬಿಟ್ಟು, ತೊಲೆ, ಕಂಬ, ಬೋದಿಗೆ, ಜಂತಿ, ಬಾಗಿಲುಗಳನ್ನೆಲ್ಲ ಬಿಚ್ಚಿ ಚಕ್ಕಡಿಗೆ ಹೇರಿಕೊಂಡು ಬಂದರಂತೆ. ಹಾಗೆ ಬಂದ ಕಟ್ಟಿಗೆಯಲ್ಲಿ ಒಂದು ತೊಲೆ, ಎರಡು ಕಂಬ, ಒಂಬತ್ತು ಜಂತಿ ದನದ ಕೊಟ್ಟಿಗೆಯ ಅಟ್ಟದಲ್ಲಿ ಉಳಿದಿದ್ದವು. ನನಗೆ ಬೇಕಾದದ್ದು ಇಪ್ಪತ್ತೆರಡು ಜಂತಿ. ಅಂದರೆ ಹದಿಮೂರು ಹೊಸದಾಗಿ ಆಗಬೇಕಿತ್ತು, ಅದರಲ್ಲಿ ಒಂಬತ್ತು ಬಚ್ಚಲ ಒಲೆಯ ಪಾಲಾಗಿದ್ದವು.

ಉಳಿದ ದಿಮ್ಮಿಯನ್ನು ಕೊಪ್ಪಳದ ಕಟ್ಟಿಗೆ ಅಡ್ಡೆಗೆ ಒಯ್ದು ಕೊಯ್ಸಬಹುದಿತ್ತು. ಆದರೆ ಮಳೆ ಬಿದ್ದ ಮೇಲೆ ಎರೆ ಹೊಲದೊಳಗೆ ಟ್ರ್ಯಾಕ್ಟರ್ ಇಳಿಸುವುದೆಂದರೆ ಟ್ರ್ಯಾಕ್ಟರನ್ನೇ ಕಳೆದುಕೊಂಡಂತೆ. ಅದೂ ಅಲ್ಲದೆ, ಊರಬದಿಯ ಬೇವನ್ನು ಅಡ್ಡೆಯವರು ಅನುಮಾನದಿಂದಲೇ ನೋಡುತ್ತಾರೆ. ದನ ಕಟ್ಟಲು, ದೀಪ ತೂಗುಹಾಕಲು, ಚುನಾವಣೆಯ ಹಲಗೆ ಬಡಿಯಲು ಮೂರು ತಲೆಮಾರು ಹೊಡೆದ ಮೊಳೆಗಳು ಅದರೊಳಗೆ ಎಲ್ಲೆಲ್ಲಿ ಅಡಗಿವೆಯೋ ಹೇಳಲಾಗದು. ಒಂದು ಮೊಳೆಗೆ ಅವರ ಗರಗಸದ ಒಂದು ಪಟ್ಟಿ ಹೋಗುತ್ತದೆ. ಹೀಗಾಗಿ ಮರವನ್ನು ಗರಗಸದ ಬಳಿಗೆ ಒಯ್ಯುವುದನ್ನು ಬಿಟ್ಟು ಗರಗಸವನ್ನೇ ಮರದ ಬಳಿಗೆ ತರುವುದು ಎಂದಾಯಿತು. ಮೊದಲು 50 ಸಿಸಿಯ ಒಂದು ಚೈನ್ ಸಾ ಕೊಂಡೆ; ಕಟ್ಟಿಗೆಗೆ ಅದು ಧಾರಾಳ ಸಾಕು. ದಿಮ್ಮಿಯನ್ನು ಉದ್ದಕ್ಕೆ ಸೀಳುವುದಕ್ಕೆ ಅದರ ಉಸಿರು ಸಾಲದೆಂದು ತಿಳಿದ ಮೇಲೆ, ಗಂಗಾವತಿಯ ಕಡೆ ಒಬ್ಬರಿಂದ 70 ಸಿಸಿಗೂ ಮೇಲಿನ, 24 ಇಂಚು ಬಾರ್ (ಚೈನು ಸುತ್ತುವ ಚಪ್ಪಟೆ ಪಟ್ಟಿ) ಇರುವ ಹಳೆಯ ಯಂತ್ರವೊಂದನ್ನು ತಂದೆ. ಮನೆಯಲ್ಲಿ ಇದರ ಬಗ್ಗೆ ನಡೆದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ.

ಯಂತ್ರವನ್ನು ಕೊಂಡ ಮೇಲೆ ಅದರ ಚೈನನ್ನು ಬಿಚ್ಚಿ ಟವೆಲ್ಲಿನ ಮೇಲೆ ಹಾಸಿ ನೋಡಿದ್ದೇ ನನ್ನ ನಿಜವಾದ ಮೊದಲ ಪಾಠ. ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ 1926ರಲ್ಲಿ ವಿದ್ಯುತ್ ಚೈನ್ ಸಾ ಮಾಡಿದಾಗ ಅದರ ತೂಕ 64 ಕಿಲೋ, ಹಿಡಿಯಲು ಇಬ್ಬರು ಬೇಕಿತ್ತು. ಪೆಟ್ರೋಲಿನದು ಬಂದದ್ದು 1929ರಲ್ಲಿ. ಆದರೆ ಆಗಿನ ಚೈನುಗಳ ಹಲ್ಲು ಕೈಗರಗಸದ ಹಲ್ಲಿನ ನಕಲೇ ಆಗಿದ್ದು, ಮರವನ್ನು ಗೀರುತ್ತ ಹೋಗುತ್ತಿದ್ದವು, ಬೇಗನೆ ಮೊಂಡಾಗುತ್ತಿದ್ದವು. ಅದನ್ನು ಬದಲಿಸಿದ್ದು ಒಂದು ಹುಳ. ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಮರ ಕಡಿಯುವ ಕೆಲಸದಲ್ಲಿದ್ದ ಜೋಸೆಫ್ ಕಾಕ್ಸ್, 1946ರಲ್ಲಿ ಒಂದು ಬೊಡ್ಡೆಯೊಳಗೆ ಮರ ತಿನ್ನುತ್ತಿದ್ದ ದುಂಬಿಯ ಮರಿಹುಳವನ್ನು ಗಮನಿಸಿದರು. ಅದರ ಎರಡು ದವಡೆಗಳು ಕುಡುಗೋಲಿನಂತೆ ಬಾಗಿದ್ದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಕೆರೆಯುತ್ತ, ಎಳೆಯ ಉದ್ದಕ್ಕೂ ಅಡ್ಡಕ್ಕೂ ಒಂದೇ ಸಮನೆ ಮುನ್ನಡೆಯುತ್ತಿತ್ತು. ಅದೇ ಆಕಾರದ ಹಲ್ಲುಗಳನ್ನು ಎಡ-ಬಲ ಎಂದು ಸಾಲಾಗಿ ಜೋಡಿಸಿ ಅವರು ಮಾಡಿದ ಚೈನು ಮರುವರ್ಷ ಮಾರುಕಟ್ಟೆಗೆ ಬಂತು. ಈಗ ನನ್ನ ಟವೆಲ್ಲಿನ ಮೇಲಿದ್ದದ್ದೂ ಅದರ ವಂಶದ್ದೇ. ನಾನಿದನ್ನು ಹೇಳಿದಾಗ ಕಾಕಾ ನಂಬಿದರು. ಜೀವನವಿಡೀ ಕುಟ್ಟೆಹುಳದ ಜೊತೆ ಜಗಳಾಡಿದವರಿಗೆ ಅದರ ಹಲ್ಲಿನ ಬಗ್ಗೆ ಗೌರವ ಇದ್ದೇ ಇರುತ್ತದೆ.

ಕಟ್ಟಿಗೆ ಕೊಯ್ಯುವುದು ಮತ್ತು ಜಂತಿ ಸೀಳುವುದು ಹೊರಗಿನಿಂದ ನೋಡುವವರಿಗೆ ಒಂದೇ ಕೆಲಸ. ಅದೇ ಸದ್ದು, ಅದೇ ಹೊಗೆ. ಮರಕ್ಕೆ ಮಾತ್ರ ಅವೆರಡೂ ಬೇರೆ. ಕಟ್ಟಿಗೆಯಲ್ಲಿ ನಾವು ಎಳೆಗೆ ಅಡ್ಡವಾಗಿ ತುಂಡರಿಸುತ್ತೇವೆ, ಹಲ್ಲಿನ ಮೊನೆ ಎಳೆಗಳನ್ನು ಕತ್ತರಿಯಂತೆ ಕತ್ತರಿಸಬೇಕು. ಅದಕ್ಕೆಂದೇ ಸಾಮಾನ್ಯ ಚೈನಿನ ಹಲ್ಲನ್ನು 30 ಡಿಗ್ರಿಯ ಓರೆಗೆ ಮಸೆದಿರುತ್ತಾರೆ. ಜಂತಿಯಲ್ಲಿ ಸೀಳು ದಿಮ್ಮಿಯ ಉದ್ದಕ್ಕೂ ಸಾಗಬೇಕು. ಅಲ್ಲಿ ಹಲ್ಲು ಉಳಿಯಂತೆ ಕೆತ್ತಬೇಕು, ಓರೆ 10 ಡಿಗ್ರಿ ಇದ್ದರೆ ಸಾಕು. ಕಟ್ಟಿಗೆಯ ಚೈನಿನಿಂದಲೇ ಸೀಳಹೊರಟರೆ ಸೀಳಬಾರದು ಎಂದೇನಿಲ್ಲ, ಆದರೆ ಯಂತ್ರ ತಿಣುಕುತ್ತದೆ, ಮೈಮೇಲೆ ಅಲೆಅಲೆಯಾಗಿ ಗೀರು ಬೀಳುತ್ತದೆ. ನಾನು ಮೊದಲ ಸೀಳನ್ನು ಹಾಗೆ ಮಾಡಿ, ಒಗೆಯುವ ಕಲ್ಲಿನಂಥ ಒಂದು ಜಂತಿಯನ್ನು ಪಡೆದೆ.

ಅರದ ಕೆಲಸದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕೆನಿಸುತ್ತದೆ, ಏಕೆಂದರೆ ಚೈನ್ ಸಾ ಇಟ್ಟುಕೊಂಡವರಲ್ಲಿ ಬಹುಪಾಲು ಜನ ಪೆಟ್ರೋಲಿಗೆ ಕೊಡುವ ಗಮನದ ಕಾಲುಭಾಗವನ್ನೂ ಅದಕ್ಕೆ ಕೊಡುವುದಿಲ್ಲ. ಪೂರ್ತಿ ವೇಗದಲ್ಲಿ ಚೈನು ಸೆಕೆಂಡಿಗೆ ಸುಮಾರು 20 ಮೀಟರ್ ಓಡುತ್ತದೆ. ಅಷ್ಟು ವೇಗದಲ್ಲಿ ಓಡುವ ಹಲ್ಲು ಒಮ್ಮೆ ಮಣ್ಣನ್ನು ಮುಟ್ಟಿದರೆ ಸಾಕು, ಮೊನೆ ಹೋಗಿರುತ್ತದೆ. ಹರಿತವಾದ ಚೈನು ಅಡ್ಡ ಕೊಯ್ಲಿನಲ್ಲಿ ದಪ್ಪದಪ್ಪ ಹೊಪ್ಪಳಿಕೆಗಳನ್ನು ಉಗುಳುತ್ತದೆ, ತನ್ನ ಭಾರಕ್ಕೇ ಮರದೊಳಗೆ ಇಳಿಯುತ್ತದೆ. ಮೊಂಡಾದದ್ದು ಹಿಟ್ಟಿನಂಥ ಪುಡಿ ಕೊಡುತ್ತದೆ, ಹಿಡಿದವನು ಒತ್ತಬೇಕಾಗುತ್ತದೆ. ಒತ್ತುವುದು ಶುರುವಾಯಿತೆಂದರೆ ಯಂತ್ರ ಆರಿಸಿ ಕುಳಿತುಕೊಳ್ಳಬೇಕು. ನಮ್ಮ ಕಡೆ ಕಾನಸು ಎನ್ನುವ ಅರದಲ್ಲಿ ದುಂಡನೆಯದನ್ನು ತೆಗೆದುಕೊಂಡು (ನನ್ನ ದೊಡ್ಡ ಚೈನಿಗೆ ಅದು 5.5 ಮಿಲಿಮೀಟರ್ ದಪ್ಪದ್ದು), ಒಳಗಿನಿಂದ ಹೊರಗೆ ಮಾತ್ರ ತಳ್ಳುತ್ತ, ಪ್ರತಿ ಹಲ್ಲಿಗೆ ಮೂರೋ ನಾಲ್ಕೋ ಎಣಿಸಿ ಎಳೆಯಬೇಕು. ಎಲ್ಲ ಹಲ್ಲಿಗೂ ಒಂದೇ ಎಣಿಕೆ. ಎಡದ ಹಲ್ಲು ಉದ್ದವಾಗಿ ಬಲದ್ದು ಗಿಡ್ಡವಾದರೆ ಸೀಳು ತಾನಾಗಿಯೇ ಒಂದು ಕಡೆ ಸೊಟ್ಟಗೆ ಹೋಗುತ್ತದೆ. ಪ್ರತಿ ಹಲ್ಲಿನ ಮುಂದೆ ಒಂದು ಗಿಡ್ಡ ಗೂನು ಇರುತ್ತದೆ, ಹಲ್ಲು ಎಷ್ಟು ಆಳಕ್ಕೆ ಕಚ್ಚಬೇಕೆಂದು ತೀರ್ಮಾನಿಸುವುದು ಅದೇ. ಅದು ಹಲ್ಲಿಗಿಂತ ಸುಮಾರು 0.65 ಮಿಲಿಮೀಟರ್ ತಗ್ಗಿರಬೇಕು. ಹಲ್ಲನ್ನು ಮಸೆಯುತ್ತ ಮಸೆಯುತ್ತ ಗೂನನ್ನು ಮರೆತವರ ಚೈನು ಎಷ್ಟು ಹರಿತವಾಗಿದ್ದರೂ ಮರವನ್ನು ನೆಕ್ಕುತ್ತದೆಯೇ ಹೊರತು ಕಚ್ಚುವುದಿಲ್ಲ. ನನಗಿದು ತಿಳಿಯಲು ಎರಡು ಚೈನು ಬೇಕಾದವು.

ಬಿಗಿಯ ಮಾತೂ ಇದೆ. ಬಾರಿನ ಕೆಳಗೆ ಚೈನು ಜೋತಿರಬಾರದು, ಕೈಯಿಂದ ಎಳೆದರೆ ಸಲೀಸಾಗಿ ಓಡಬೇಕು. ಬಿಸಿಯಾದಾಗ ಅದು ಹಿಗ್ಗುವುದರಿಂದ ನಡುನಡುವೆ ಬಿಗಿಮಾಡುತ್ತಿರಬೇಕು, ಕೆಲಸ ಮುಗಿದ ಮೇಲೆ ಸಡಿಲಿಸಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋದ ಮೇಲೆ, ನಾನು ಚೈನು ಬಿಗಿಮಾಡುವಾಗಲೆಲ್ಲ ಹೊಲದ ಹಾದಿಯಲ್ಲಿ ಹೋಗುವವರು ನಿಂತು, “ನಿಮ್ಮದರೆ ಗಟ್ಟಿ ಐತೇನ್ರಿ ಸರ?” ಎಂದು ಕೇಳುವುದು ರೂಢಿಯಾಯಿತು. ನೀರಿನ ಚಿಂತೆಯಲ್ಲಿದ್ದವರ ಕುಹಕ ಅದು, ನಾನೂ ನಕ್ಕೆ.

ಕಟ್ಟಿಗೆಯ ಕೈಯನ್ನು ನಾನು ಪಳಗಿಸಿಕೊಂಡದ್ದು ಬಳ್ಳಾರಿ ಜಾಲಿಯ ಮೇಲೆ. ಈ ಹೆಸರಿಗೆ ಬಳ್ಳಾರಿಯವರು ಹೊಣೆಯಲ್ಲ. ಮೆಕ್ಸಿಕೊ, ದಕ್ಷಿಣ ಅಮೆರಿಕಗಳ ಕಡೆಯ ಗಿಡ 19ನೇ ಶತಮಾನದಲ್ಲಿ ಈ ದೇಶಕ್ಕೆ ಬಂದು, ಒಣಸೀಮೆಯ ಹಳ್ಳ, ಬದು, ಕೆರೆಯಂಗಳಗಳನ್ನೆಲ್ಲ ಹಿಡಿದುಕೊಂಡಿತು. ಕಡಿಯಲು ಅನುಮತಿಯ ಕಾಟವಿಲ್ಲದ ಮರಗಳಲ್ಲಿ ಇದೂ ಒಂದು, ಕಡಿದರೂ ಕಡಿಮೆಯಾಗದ ಮರವೂ ಇದೇ. ಬುಡ ಬಿಟ್ಟು ಮೇಲೆ ಕೊಯ್ದರೆ ಒಂದು ಗಿಡದ ಜಾಗದಲ್ಲಿ ಹತ್ತು ಚಿಗುರು ಬರುತ್ತವೆ. ಬುಡಕ್ಕೇ ಕೊಯ್ಯಹೋದರೆ ಚೈನು ಮಣ್ಣು ತಿನ್ನುತ್ತದೆ. ಮಾಡಬೇಕಾದದ್ದೇನೆಂದರೆ ಮೊದಲು ಮುಳ್ಳುಟೊಂಗೆಗಳನ್ನು ಮಚ್ಚಿನಿಂದ ಸವರಿ ದಾರಿ ಮಾಡಿಕೊಳ್ಳುವುದು, ಮೊಣಕಾಲೆತ್ತರಕ್ಕೆ ಯಂತ್ರದಿಂದ ಕೊಯ್ಯುವುದು, ಉಳಿದ ಬೊಡ್ಡೆಯನ್ನು ಗುದ್ದಲಿ, ಹಾರೆಯಿಂದ ಬೇರುಸಹಿತ ಎಬ್ಬಿಸುವುದು. ಯಂತ್ರ ಅರ್ಧ ಗಂಟೆಯಲ್ಲಿ ಮಾಡಿದ ಕೆಲಸದ ಹಿಂದೆ ಗುದ್ದಲಿಯದು ಎರಡು ದಿನ ಬಾಕಿ ಇರುತ್ತದೆ. ಆದರೆ ಕಟ್ಟಿಗೆ ಮಾತ್ರ ಚಿನ್ನ. ಹಸಿಯಾಗಿದ್ದರೂ ಹತ್ತಿಕೊಳ್ಳುತ್ತದೆ, ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಇದ್ದಲಿ ಸುಡುವವರು ಇದನ್ನು ಹುಡುಕಿಕೊಂಡು ಬರುವುದು ಅದಕ್ಕೇ.

ಆ ಜಾಲಿಯ ಪೊದೆಯಲ್ಲೇ ಒಂದು ದಿನ ಬಾರಿನ ಮೂತಿಯ ಮೇಲ್ಭಾಗ ಕಾಣದ ಇನ್ನೊಂದು ಕಾಂಡಕ್ಕೆ ತಾಗಿತು. ತಾಗಿದ್ದು ನನಗೆ ಗೊತ್ತಾದದ್ದು ಯಂತ್ರ ನನ್ನ ಹಣೆಯ ಕಡೆಗೆ ಎದ್ದ ಮೇಲೆ. ಎಡಗೈ ಹಿಡಿಕೆಯ ಮುಂದಿನ ತಡೆಗೆ ತಗುಲಿ ಬ್ರೇಕ್ ಬಿತ್ತು, ಚೈನು ನಿಂತಿತು. ಹೆಲ್ಮೆಟ್ಟಿನ ಜಾಳಿಗೆಗೂ ಬಾರಿಗೂ ನಡುವೆ ಒಂದು ಗೇಣು ಉಳಿದಿತ್ತು. ಮೂತಿಯ ಮೇಲಿನ ಕಾಲುಭಾಗದಲ್ಲಿ ಹಲ್ಲು ಕೆಳಗಿಳಿಯುವ ತಿರುವಿನಲ್ಲಿರುವುದರಿಂದ, ಅಲ್ಲಿ ಏನಾದರೂ ಎದುರಾದರೆ ಚೈನಿನ ಬಲವೆಲ್ಲ ಬಾರನ್ನು ಮೇಲಕ್ಕೆತ್ತಿ ಹಿಂದಕ್ಕೆ ಒಗೆಯುತ್ತದೆ ಎಂದು ಓದಿ ತಿಳಿದಿದ್ದೆ. ಓದಿದ್ದು ಕೈಗೆ ಬರುವಷ್ಟು ಸಮಯವನ್ನು ಅದು ಕೊಡುವುದಿಲ್ಲ. ಅಂದಿನಿಂದ ನನ್ನ ಕೊಯ್ಲಿಗೆ ಬರುವವರು ಚಪ್ಪಲಿಯಲ್ಲಿ, ಲುಂಗಿಯಲ್ಲಿ ಬಂದರೆ ವಾಪಸು ಕಳಿಸುತ್ತೇನೆ. ಕಿವಿಗೂ ಮುಚ್ಚಿಗೆ ಬೇಕು. 110 ಡೆಸಿಬೆಲ್ ಹತ್ತಿರದ ಸದ್ದು ಅದು.

ಇನ್ನು ಜಂತಿಯ ಕೆಲಸ. ದಿಮ್ಮಿಯನ್ನು ನೆಲದಿಂದ ಮೊಣಕಾಲೆತ್ತರಕ್ಕೆ ಎರಡು ಅಡ್ಡ ಕಟ್ಟಿಗೆಗಳ ಮೇಲೆ ಏರಿಸಿ, ಉರುಳದಂತೆ ಸಂದಿಗೆ ಬೆಣೆ ಕೊಟ್ಟೆವು. ಕೊನೆಯ ಕಡೆಗೆ ಸ್ವಲ್ಪ ಇಳಿಜಾರು ಇಟ್ಟರೆ ಯಂತ್ರ ತಾನಾಗಿ ಮುಂದೆ ಜಾರುತ್ತದೆ, ಬೆನ್ನಿಗೆ ಆರಾಮ. ಬಾರಿಗೆ ಬಿಗಿಯುವ ಒಂದು ಚೌಕಟ್ಟು ಸಿಗುತ್ತದೆ. ಅದರ ಕಂಬಿಗಳು ಮೇಲಿನ ಸಮತಲದ ಮೇಲೆ ಜಾರುತ್ತ ಹೋದರೆ, ಕೆಳಗೆ ಬಾರು ನಾವು ಇಟ್ಟ ಅಳತೆಯ ದಪ್ಪಕ್ಕೇ ಸೀಳುತ್ತ ಬರುತ್ತದೆ. ಆದರೆ ಮೊದಲ ಸೀಳಿಗೆ ಸಮತಲ ಎಲ್ಲಿಂದ ಬರಬೇಕು? ದಿಮ್ಮಿ ದುಂಡಗಿರುತ್ತದೆ. ಅದಕ್ಕೆ ನಮ್ಮ ಶಾಲೆಗೆ ಸುಣ್ಣ ಬಳಿಯಲು ಬಂದವರ ಅಲ್ಯೂಮಿನಿಯಂ ಏಣಿಯನ್ನು ಎರಡು ದಿನಕ್ಕೆ ಇಸಿದುಕೊಂಡು, ದಿಮ್ಮಿಯ ಬೆನ್ನ ಮೇಲೆ ಕಟ್ಟಿ, ನೀರುಮಟ್ಟ ಹಿಡಿದು ಸರಿಮಾಡಿದೆವು. ಏಣಿ ಸರಿಮಾಡಲು ಒಂದೂವರೆ ಗಂಟೆ, ಸೀಳಲು ಹನ್ನೆರಡು ನಿಮಿಷ. ಏಣಿ ಒಂದು ಬೆರಳು ತಿರುಚಿದ್ದರೂ ಆ ತಿರುಚು ಕೆಳಗಿನ ಎಲ್ಲ ಜಂತಿಗಳಿಗೂ ಬಳುವಳಿಯಾಗಿ ಹೋಗುತ್ತದೆಂದು ಕಾಕಾ ಮೂರು ಬಾರಿ ಬಿಚ್ಚಿಸಿ ಕಟ್ಟಿಸಿದರು.

ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್ ಟು-ಸ್ಟ್ರೋಕ್ ಆಯಿಲ್ ಬೆರೆಸಿದ್ದೆ. ಸೀಳುವಾಗ ಯಂತ್ರ ನಿಮಿಷಗಟ್ಟಲೆ ಪೂರ್ತಿ ವೇಗದಲ್ಲೇ ದುಡಿಯಬೇಕು. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಅದು ಯಂತ್ರಕ್ಕೂ ಮನುಷ್ಯನಿಗೂ ಆಗದ ಮಾತಾದ್ದರಿಂದ ಬೆಳಗಿನ ಆರರಿಂದ ಒಂಬತ್ತರವರೆಗೆ ಮಾತ್ರ ಕೆಲಸ. ಸೀಳು ಮುಂದುವರಿದಂತೆ ಅದರ ಬಾಯಿ ಮುಚ್ಚಿಕೊಂಡು ಚೈನನ್ನು ಹಿಡಿಯದಂತೆ ಹಿಂದಿನಿಂದ ಒಂದೊಂದೇ ಬೆಣೆ ತೂರಿಸುತ್ತ ಬರಲು ಒಬ್ಬರು ಬೇಕು. ಬೇವಿನ ಪುಡಿ ಗಾಳಿ ಸೋಸುವ ಜಾಲರಿಯನ್ನು ಅರ್ಧ ಗಂಟೆಗೊಮ್ಮೆ ಕಟ್ಟುತ್ತಿತ್ತು. ಮೂಗಿಗೆ ಕಟ್ಟಿಕೊಂಡ ಬಟ್ಟೆಯನ್ನು ದಾಟಿ ಅದು ಗಂಟಲಿಗೂ ಇಳಿಯುತ್ತಿತ್ತು. ಮಧ್ಯಾಹ್ನ ಉಂಡ ಸಜ್ಜೆ ರೊಟ್ಟಿ, ಬದನೆಕಾಯಿ ಎಲ್ಲವೂ ಕಹಿ. ಯುಗಾದಿ ಕಳೆದು ಎರಡು ವಾರವಾಗಿದ್ದರೂ ನಮ್ಮ ಮನೆಯಲ್ಲಿ ಬೇವು ಮುಗಿದಿರಲಿಲ್ಲ ಎಂದು ಅವ್ವ ಹೇಳುತ್ತಿದ್ದಳು.

ಹಲಗೆಯನ್ನೇ ಏಕೆ ಕೊಯ್ಯಲಿಲ್ಲ, ಬಾಗಿಲಿಗೂ ಆಗುತ್ತಿತ್ತಲ್ಲ ಎಂದು ಕೇಳಿದವರಿದ್ದಾರೆ. ಉತ್ತರ ಆ ಪುಡಿಯ ರಾಶಿಯಲ್ಲಿದೆ. ಚೈನ್ ಸಾ ಒಮ್ಮೆ ಹಾದುಹೋದರೆ 8ರಿಂದ 9 ಮಿಲಿಮೀಟರ್ ಮರ ಪುಡಿಯಾಗುತ್ತದೆ. ಅಡ್ಡೆಯ ಪಟ್ಟಿಗರಗಸದಲ್ಲಿ ಅದು ಸುಮಾರು 2 ಮಿಲಿಮೀಟರ್. ಒಂದು ಇಂಚಿನ ಹಲಗೆಗಳನ್ನು ಕೊಯ್ಯುತ್ತ ಹೋದರೆ ಪ್ರತಿ ಮೂರು ಹಲಗೆಗೆ ಒಂದು ಹಲಗೆಯಷ್ಟು ಮರ ನೆಲಕ್ಕೆ ಸುರಿಯುತ್ತದೆ. ನಾಲ್ಕು ಇಂಚಿನ ಜಂತಿಗಾದರೆ ಸೀಳುಗಳು ಕಡಿಮೆ, ನಷ್ಟವೂ ಕಡಿಮೆ. ಹಲಗೆಗೆ ಅಡ್ಡೆ, ಜಂತಿಗೆ ಚೈನ್ ಸಾ ಎಂಬುದು ನನ್ನ ಮಟ್ಟಿಗೆ ಇತ್ಯರ್ಥವಾದ ಸಂಗತಿ. ಇದನ್ನು ಒಪ್ಪದೆ ಇಡೀ ಮಂಚವನ್ನೇ ಇದರಲ್ಲಿ ಕೊಯ್ದು ತೋರಿಸುವವರಿದ್ದಾರೆ. ಅವರ ಮರ ಅವರಿಗೆ ಬಿಟ್ಟದ್ದು.

ನಾಲ್ಕನೆಯ ಸೀಳಿನ ನಡುವೆ ಯಂತ್ರದ ದನಿ ಒಮ್ಮೆಲೇ ಬದಲಾಯಿತು, ಪುಡಿಯ ನಡುವೆ ಒಂದು ಕಿಡಿ ಹಾರಿತು. ಬೆಣೆ ಬಿಚ್ಚಿ ಮೇಲಿನ ಭಾಗವನ್ನು ಎತ್ತಿ ನೋಡಿದರೆ, ಕೆಂಪು ಕೆಚ್ಚಿನ ನಡುವೆ ಅಂಗೈ ಅಗಲದ ಕಪ್ಪು ಕಲೆ, ಅದರ ನಟ್ಟನಡುವೆ ಬೆಳ್ಳಿಯ ಚುಕ್ಕೆಯಂತೆ ಹೊಳೆಯುವ ಕೊಯ್ದ ಮೊಳೆ. ಕಬ್ಬಿಣ ಬೇವಿನ ರಸದೊಡನೆ ಸೇರಿ ಸುತ್ತಲ ಮರವನ್ನೆಲ್ಲ ಶಾಯಿಯಂತೆ ಕರಿ ಮಾಡಿತ್ತು. ಮೊಳೆಯಿಂದ ತೊಗಟೆಯವರೆಗೆ ಮೂವತ್ತೆರಡು ಸುತ್ತು ಎಣಿಸಿದೆ. ಬೇವಿನಲ್ಲಿ ಸುತ್ತು ಅಷ್ಟು ಸ್ಪಷ್ಟವಲ್ಲವಾದ್ದರಿಂದ ಆ ಲೆಕ್ಕವನ್ನು ನಾನು ಪ್ರಮಾಣ ಮಾಡಿ ಹೇಳಲಾರೆ. ಅವ್ವ ಬಂದು ಬಗ್ಗಿ ನೋಡಿ, “ನಿಮ್ಮಪ್ಪ ಎತ್ತಿಗಿ ಲಾಳ ಕಟ್ಟಿಸೋ ಮುಂದ ಹಗ್ಗ ಕಟ್ಟಾಕ ಹೊಡದಿದ್ದ” ಎಂದಳು. ಆ ದಿನದ ಕೆಲಸ ಅಲ್ಲಿಗೇ ಮುಗಿಯಿತು. ಚೈನಿನ ಹನ್ನೊಂದು ಹಲ್ಲು ಮುರಿದಿದ್ದವು, ಮಧ್ಯಾಹ್ನವೆಲ್ಲ ಅರ ಎಳೆದೆ. ಕಲೆಯಿರುವ ಜಂತಿಯನ್ನು ಒಲೆಗೆ ಹಾಕಬೇಕೆಂದು ಯಾರೂ ಹೇಳಲಿಲ್ಲ.

ಅಟ್ಟದಿಂದ ಇಳಿಸಿದ ಹಳೆಯ ಒಂಬತ್ತು ಜಂತಿಗಳನ್ನು ಹೊಸವುಗಳ ಪಕ್ಕಕ್ಕಿಟ್ಟಾಗ ಎರಡು ಕಾಲದ ಕೈಬರಹವನ್ನು ನೋಡಿದಂತಾಯಿತು. ಹಳೆಯವುಗಳ ಮೈಮೇಲೆ ಬಾಚಿಯ ಏಟುಗಳು, ಮೀನಿನ ಪೊರೆಯಂತೆ ಒಂದರ ಮೇಲೊಂದು. ಕಾಕಾ ಹೇಳುವಂತೆ, ಅವರ ತಂದೆಯ ಕಾಲದಲ್ಲಿ ದಿಮ್ಮಿಯನ್ನು ಎತ್ತರದ ಕವೆಗಳ ಮೇಲೇರಿಸಿ, ಕಾವಿ ನೀರಿನಲ್ಲಿ ಅದ್ದಿದ ದಾರವನ್ನು ಬಿಗಿಯಾಗಿ ಹಿಡಿದು ಚಿಟಿದು ಗೆರೆ ಮೂಡಿಸಿ, ಮೇಲೊಬ್ಬ ಕೆಳಗೊಬ್ಬ ನಿಂತು ಗರಗಸ ಎಳೆಯುತ್ತಿದ್ದರು; ಒಂದು ಬೇವಿನ ದಿಮ್ಮಿಗೆ ನಾಲ್ಕು ದಿನ. ಕೆಳಗಿನವನ ಕಣ್ಣಿಗೆ ಪುಡಿ ಬೀಳುವುದರಿಂದ ಅವನಿಗೆ ಕೂಲಿ ಹೆಚ್ಚು ಕೊಡಬೇಕೋ, ಗೆರೆ ತಪ್ಪದಂತೆ ನೋಡಿಕೊಳ್ಳುವ ಮೇಲಿನವನಿಗೆ ಹೆಚ್ಚು ಕೊಡಬೇಕೋ ಎಂಬ ಜಗಳ ಪ್ರತಿ ಊರಿನಲ್ಲೂ ಇತ್ತಂತೆ. ಆ ನಾಲ್ಕು ದಿನದಲ್ಲಿ ದಿಮ್ಮಿಯ ಗಂಟು, ತಿರುಚು, ಬಿರುಕು ಎಲ್ಲ ಇಬ್ಬರಿಗೂ ಬಾಯಿಪಾಠವಾಗಿರುತ್ತಿತ್ತು. ಯಾವ ಭಾಗ ತೊಲೆ, ಯಾವುದು ಬಾಗಿಲ ಚೌಕಟ್ಟು, ಯಾವುದು ಒಲೆ ಎಂದು ತಾನಾಗಿ ತೀರ್ಮಾನವಾಗುತ್ತಿತ್ತು. ನನ್ನ ಹನ್ನೆರಡು ನಿಮಿಷದಲ್ಲಿ ಅದಕ್ಕೆ ಜಾಗವಿಲ್ಲ. ಆದ್ದರಿಂದ ನಾನು ಈಗ ಯಂತ್ರ ಹೊರತೆಗೆಯುವ ಹಿಂದಿನ ದಿನವೇ ದಿಮ್ಮಿಯ ಎರಡೂ ತುದಿಗೆ ಇದ್ದಲಿಯಿಂದ ಗೆರೆ ಬರೆದಿಟ್ಟು ಮನೆಗೆ ಹೋಗುತ್ತೇನೆ. ಮರುದಿನ ಬೆಳಿಗ್ಗೆ ಬಂದಾಗ ಎರಡರಲ್ಲಿ ಒಂದು ಸಲವಾದರೂ ಗೆರೆ ಬದಲಾಗುತ್ತದೆ.

ಬೊಡ್ಡೆಯ ಆರು ಅಡಿಯಲ್ಲಿ ಆರು ಜಂತಿ ಬಂದವು. ಉಳಿದ ಏಳನ್ನು, ಪಕ್ಕದ ಹೊಲದವರು ಅನುಮತಿ ಪಡೆದು ಕಡಿಸಿದ ಎರಡು ಒಣ ಬೇವುಗಳಿಂದ ಕೊಯ್ದೆ; ಅವರು ನನಗೆ ಕೊಟ್ಟದ್ದು ಕಟ್ಟಿಗೆಯ ದರಕ್ಕೆ, ತೂಕದ ಮೇಲೆ. ಜಂತಿಗಳ ತುದಿಗೆ ಮೇಣ ಬಳಿದು, ನಡುವೆ ಪಟ್ಟಿ ಕೊಟ್ಟು, ಕೊಟ್ಟಿಗೆಯ ನೆರಳಿನಲ್ಲಿ ಒಂದು ವರ್ಷ ಪೇರಿಸಿಟ್ಟೆ. ನಮ್ಮ ಒಣಗಾಳಿಗೆ ತುದಿ ಬೇಗ ಒಣಗಿ ನಡು ಹಸಿಯಾಗಿಯೇ ಉಳಿದರೆ ಬಿರುಕು ಬಿಡುತ್ತದೆ. ಅಮವಾಸ್ಯೆಯ ಕತ್ತಲಲ್ಲಿ ಕಡಿದ ಮರಕ್ಕೆ ಹುಳ ಹತ್ತುವುದಿಲ್ಲ ಎನ್ನುತ್ತಾರೆ ಕಾಕಾ. ಗಾಳಿ ಪಂಚಾಂಗ ನೋಡಿ ಬೀಸಲಿಲ್ಲವಾದ್ದರಿಂದ ಆ ಪರೀಕ್ಷೆ ಸಾಧ್ಯವಾಗಲಿಲ್ಲ. ಕೆಚ್ಚಿಗೆ ಹುಳ ಬರಲಿಲ್ಲ. ಅಂಚಿನಲ್ಲಿ ಉಳಿದಿದ್ದ ಬಿಳಿಯ ಮರಕ್ಕೆ ಬಂತು, ಅದನ್ನು ಬಾಚಿಯಿಂದ ಕೆತ್ತಿ ತೆಗೆದೆವು. ಕೆತ್ತಿದ ಚಕ್ಕೆಗಳು, ಹೊರಗಿನ ಸಿಪ್ಪೆಯ ಸೀಳುಗಳು, ಜಾಲಿಯ ತುಂಡುಗಳು ಎಲ್ಲವೂ ಕೊಟ್ಟಿಗೆಯ ಪಕ್ಕದ ಕಟ್ಟಿಗೆಯ ರಾಶಿಗೆ ಹೋದವು. ಆ ಐದು ತುಂಡುಗಳೂ ಅಲ್ಲೇ ಇದ್ದವು. ನಾಲ್ಕು ಉರಿದುಹೋದವು, ಒಂದನ್ನು ಅವ್ವ ಎರಡು ಹೋಳು ಮಾಡಿಸಿ ಮಳೆಗಾಲಕ್ಕೆಂದು ಮೂಲೆಗೆ ಸರಿಸಿಟ್ಟಿದ್ದಳು.

2025ರ ಬೇಸಿಗೆಯಲ್ಲಿ ಮನೆಗೆ ಸೂರು ಬಂತು. ತೊಲೆ ಏರಿತು, ಒಂಬತ್ತು ಹಳೆಯ, ಹದಿಮೂರು ಹೊಸ ಜಂತಿ ಕೂತವು, ಮೇಲೆ ಕಡ್ಡಿ, ಬೇವಿನ ಸೊಪ್ಪು, ಮಣ್ಣು, ಕೊನೆಗೆ ಹಳ್ಳದ ದಂಡೆಯಿಂದ ತಂದ ಸವುಳು ಮಣ್ಣು. ಸೆಪ್ಟೆಂಬರಿನಲ್ಲಿ ಉತ್ತರೆ ಮಳೆ ಜಡಿಯಾಗಿ ಹಿಡಿದ ಎರಡನೆಯ ರಾತ್ರಿ ಒಂದು ಕಡೆ ಸೋರಿತು. ಬೆಳಿಗ್ಗೆ ಏಣಿ ಹಾಕಿ ನೋಡಿದರೆ, ಹೊಸ ಜಂತಿಗಳಲ್ಲಿ ಒಂದು ತಿರುಚಿಕೊಂಡು ತೊಲೆಯಿಂದ ಒಂದು ಬೆರಳಿನಷ್ಟು ಎದ್ದಿತ್ತು. ಬೇವಿನ ಎಳೆ ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಅದು ಹೀಗೆ ಮಾಡುತ್ತದೆ. ಸಂದಿಗೆ ಬೆಣೆ ಬೇಕಾಗಿತ್ತು. ನಾನು ಪೇರಿಸಿಟ್ಟ ಒಳ್ಳೆಯ ತುಂಡುಗಳ ಕಡೆ ಹೊರಟೆ. ಕಾಕಾ ಆ ಕಡೆ ನೋಡಲೂ ಇಲ್ಲ, ನೇರ ಕಟ್ಟಿಗೆಯ ರಾಶಿಗೆ ಹೋಗಿ ಮೂಲೆಯಿಂದ ಒಂದು ಹೋಳು ಎಳೆದುಕೊಂಡು ಬಂದರು. ಅದರ ಕೊಯ್ದ ಮುಖದ ಮೇಲೆ ಮಸುಕಾಗಿ ಒಂದು ಇದ್ದಲಿ ಗೆರೆಯೂ, ಅದಕ್ಕೆ ಅಡ್ಡವಾಗಿ ಇನ್ನೊಂದೂ ಕಾಣುತ್ತಿದ್ದವು. ಬಾಚಿಯಿಂದ ಐದಾರು ಏಟು ಹಾಕಿ ಹದಕ್ಕೆ ತಂದು, “ಏಣಿ ಗಟ್ಟಿ ಹಿಡಿ ತಮ್ಮಾ” ಎಂದು ಮೇಲೇರಿ, ಕೊಡಲಿಯ ಹಿಂಬದಿಯಿಂದ ಅದನ್ನು ಸಂದಿಗೆ ಬಡಿದು ಕೂರಿಸಿದರು.